ಧ್ವನಿ ಪರೀಕ್ಷೆ

ಉರ್ವ, ಮಂಗಳೂರು
7-6-1955

ಪ್ರಿಯ ರಾಧಾಕೃಷ್ಣ,

ನೀನು ವರ್ಗವಾಗಿ ಕೊಯಮತ್ತೂರಿಗೆ ಹೋಗಿ ಮೂರು ತಿಂಗಳಾಯಿತು. ಶನಿವಾರ ಸಂಜೆ ಗ್ರಾಮಫೋನಿಗೆ ಕೀಲಿ ಕೊಡುವಾಗ ಈಗಲೂ ಬಾಗಿಲ ಕಡೆ ನೋಡುತ್ತೇನೆ. ಎವ್ಲಿನ್ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ನಿನ್ನ ಕುರ್ಚಿಯ ಮೇಲೆ ಒಣಗಿದ ಬಟ್ಟೆಗಳನ್ನು ರಾಶಿ ಹಾಕುತ್ತಾಳೆ. "ಅದು ರಾಧಾಕೃಷ್ಣನ ಕುರ್ಚಿ" ಅಂದರೆ "ಅವರು ಬರುವಾಗ ಬಟ್ಟೆ ತೆಗೆದರೆ ಆಯ್ತಲ್ಲ" ಅನ್ನುತ್ತಾಳೆ. ನನ್ನ ಹೆಂಡತಿ ನರ್ಸ್ ಆದದ್ದರಿಂದ ಖಾಲಿ ಜಾಗ ಕಂಡರೆ ಸಹಿಸುವುದಿಲ್ಲ.

ಈ ವಾರ ಕೇಳುತ್ತಿರುವುದು ಪಿಟೀಲು. ಅವಳ ಅಣ್ಣ ಬೊಂಬಾಯಿಯಿಂದ ತಂದ ನಾಲ್ಕು ಪ್ಲೇಟು. ಒಂದೇ ಕೃತಿಯನ್ನು ಎಂಟು ಮುಖಗಳಿಗೆ ಹಂಚಿದ್ದಾರೆ, ನಾಲ್ಕು ನಿಮಿಷಕ್ಕೊಮ್ಮೆ ಎದ್ದು ಮಗುಚಬೇಕು. ಮೂರನೆಯ ಪ್ಲೇಟಿನಲ್ಲಿ ಗೀರು ಬಿದ್ದಿದೆ. ಪಿಟೀಲಿನವನು ಒಂದು ಸ್ವರ ಹತ್ತಲು ಹೋಗಿ ಹೋಗಿ ಅಲ್ಲೇ ಜಾರುತ್ತಾನೆ. ನಾನು ಬೆರಳಿನಿಂದ ಸೂಜಿಯನ್ನು ಮೆಲ್ಲಗೆ ದಾಟಿಸುತ್ತೇನೆ. ನೀನಿದ್ದರೆ ಬೈಯುತ್ತಿದ್ದೆ.

ಇನ್ನೊಂದು ಸುದ್ದಿ. 'ಕಡಲ ಸುದ್ದಿ' ವಾರಪತ್ರಿಕೆಯವರು ನನಗೆ ಅರ್ಧ ಪುಟ ಕೊಟ್ಟಿದ್ದಾರೆ. ಊರಿನ ಜನ ಮನೆಯಲ್ಲಿ ಕೂತು ಏನು ಸಂಗೀತ ಕೇಳುತ್ತಾರೆ, ಅದನ್ನು ಅವರಿಂದಲೇ ಬರೆಸಿ ಹಾಕುವುದು. ಶಾಲೆಯಲ್ಲಿ ಮಕ್ಕಳ ಪ್ರಬಂಧ ತಿದ್ದಿ ತಿದ್ದಿ ಬೇಸತ್ತವನಿಗೆ ಇದೊಂದು ಹಬ್ಬ. ಬೆಂಗ್ರೆಯ ಹಾಶಿಂ ಸಾಹೇಬರು ಆಗಲೇ ಬರೆದಿದ್ದಾರೆ: ಬಲೆ ಹೆಣೆಯುವವರ ನಡುವೆ ಬ್ಯಾಟರಿ ರೇಡಿಯೋ ಇಟ್ಟು ಸಿಲೋನ್ ಹಾಕುತ್ತಾರಂತೆ, ಹಾಡು ಚೆನ್ನಾಗಿದ್ದರೆ ಗಂಟು ಸಡಿಲವಾಗುತ್ತದಂತೆ.

ನೀನೂ ಬರೆ ಮಾರಾಯ. ನಿನ್ನ ಮನೆಮಾತು ತುಳು, ನನ್ನದು ಕೊಂಕಣಿ, ಆದರೆ ಕಾಗದದಲ್ಲಿ ನಿನ್ನ ಕನ್ನಡಕ್ಕೆ ನನ್ನದು ಸಮ ಬಾರದು. ವಿಮರ್ಶೆ ಬೇಡ. ಒಬ್ಬನೇ ಕೂತು ಕೇಳುವಾಗ ಮನಸ್ಸಿಗೆ ಬಂದದ್ದು ಸಾಕು.

ನಿನ್ನ,
ಲಿಗೋರಿ


ಕೊಯಮತ್ತೂರು
3-7-1955

ಪ್ರಿಯ ಲಿಗೋರಿ,

ಕೊನೆಗೂ ರೇಡಿಯೋ ತಂದೆ. ಕೋಣೆಯ ಕಿಟಕಿಯಿಂದ ಮಾಳಿಗೆಯ ಕಂಬಕ್ಕೆ ತಂತಿ ಎಳೆದಿದ್ದೇನೆ. ಸುತ್ತ ಮಿಲ್ಲಿನವರ ಮನೆಗಳು. ಅವರದೆಲ್ಲ ಸಿನೆಮಾ ಹಾಡು. ನಾನು ಮುಳ್ಳನ್ನು ಮದರಾಸಿಗೆ ಇಟ್ಟು ಕಿವಿಯನ್ನು ಪೆಟ್ಟಿಗೆಗೆ ಅಂಟಿಸಿ ಕೂರುತ್ತೇನೆ. ಬೆಳಗ್ಗೆ ನಾಗಸ್ವರ ಬರುವ ಹೊತ್ತಿಗೆ ಕೆಳಗಿನ ಮನೆಯಲ್ಲಿ ಕಾಫಿ ಬೀಜ ಹುರಿಯುತ್ತಾರೆ. ಈಗ ತೋಡಿ ರಾಗ ಕೇಳಿದರೆ ಮೂಗಿಗೆ ಕಾಫಿಯ ವಾಸನೆ ಬರುತ್ತದೆ. ಇದು ಬೇಕಾದರೆ ನಿನ್ನ ಪತ್ರಿಕೆಗೆ.

ಇಲ್ಲಿ ಒಂದು ಗೆರೆ ಎಳೆದಿದ್ದೇನೆ, ನೋಡು. ಗೆರೆಯ ಕೆಳಗಿನದು ನಿನಗೆ ಮಾತ್ರ.

ಮೊನ್ನೆ ಒಬ್ಬ ಹೆಂಗಸು ಕಾಂಭೋಜಿ ಹಾಡಿದಳು. ಒಳ್ಳೆಯ ಪಾಠ, ಸಾಧಾರಣ ಕಂಠ. ಮುಗಿಯುವವರೆಗೂ ನನ್ನ ಕೈ ಗುಂಡಿಯ ಮೇಲೇ ಇತ್ತು, ಆರಿಸಲು ಆಗಲಿಲ್ಲ. ಇದಕ್ಕಿಂತ ಒಳ್ಳೆಯ ಕಾಂಭೋಜಿಯನ್ನು ನಾನು ಕೊಟ್ಟಾರದ ಮನೆಯಲ್ಲಿ, ನನ್ನ ಹೆಂಡತಿಯ ಬಾಯಲ್ಲೇ ಕೇಳಿದ್ದೇನೆ. ಸತ್ಯಭಾಮಾ ಹಾಡುತ್ತಿದ್ದುದು ನಿನಗೆ ಗೊತ್ತಿಲ್ಲ. ನಿನ್ನ ನನ್ನ ಪರಿಚಯ ಆಗುವ ಮೊದಲೇ ಅವಳು ಬಿಟ್ಟಿದ್ದಳು.

1947ರಲ್ಲಿ ಅವಳ ಅಪ್ಪ ಅವಳ ಪರವಾಗಿ ಮದರಾಸು ರೇಡಿಯೋಕ್ಕೆ ಅರ್ಜಿ ಹಾಕಿದರು. ಉಡುಪಿಯ ಹತ್ತಿರ ಸಣ್ಣ ದೇವಸ್ಥಾನದ ಪೂಜೆ ಅವರದು, ಮಗಳಿಗೆ ಪಾಠ ಹೇಳಿದವರೂ ಅವರೇ. ವಿಳಾಸ ನನ್ನ ಆಫೀಸಿನದು ಕೊಟ್ಟಿದ್ದೆವು. ಅಕ್ಟೋಬರದಲ್ಲಿ ಉತ್ತರ ಬಂತು. ನವೆಂಬರ್ 18ಕ್ಕೆ ಬೆಳಗ್ಗೆ ಹತ್ತು ಗಂಟೆಗೆ ಧ್ವನಿ ಪರೀಕ್ಷೆಗೆ ಬರತಕ್ಕದ್ದು ಎಂದು. ಎರಡು ದಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಮೂರನೆಯ ದಿನ ಹರಿದು ಆಫೀಸಿನ ಕಸದ ಬುಟ್ಟಿಗೆ ಹಾಕಿದೆ. ಅಮ್ಮ ಒಪ್ಪುತ್ತಿರಲಿಲ್ಲ. ಸತ್ಯಭಾಮೆಗೆ ಇಂದಿನವರೆಗೂ ಗೊತ್ತಿಲ್ಲ. ಉತ್ತರವೇ ಬರಲಿಲ್ಲ ಎಂದುಕೊಂಡು ಶಿವರಾತ್ರಿಯವರೆಗೆ ಕಾದಳು. ಆಮೇಲೆ ತಂಬೂರಿಗೆ ಬಟ್ಟೆ ಸುತ್ತಿದಳು.

ಯಾಕೆ ಬರೆದೆನೋ ತಿಳಿಯದು. ಓದಿ ಹರಿದು ಹಾಕು.

ರಾಧಾಕೃಷ್ಣ


ಕೊಟ್ಟಾರ, ಮಂಗಳೂರು
7-12-1955

ಇವರಿಗೆ,

ಪ್ರತಿ ಸಲ ಬರೆಯುವ ಒಕ್ಕಣೆ ಈ ಸಲ ಬರೆಯಲು ಕೈ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಅಪೊಲೋನಿಯಾ ಬಾಯಿ 'ಕಡಲ ಸುದ್ದಿ' ಹಿಡಿದುಕೊಂಡು ಬಂದರು. ನಾನು ಹಿತ್ತಲಲ್ಲಿ ಅಕ್ಕಿ ಒಣಗಿಸುತ್ತಿದ್ದೆ. "ಭಾಮಕ್ಕ, ಇದು ನಿಮ್ಮವರು ಬರೆದದ್ದಲ್ಲವಾ? ಕೊಯಮತ್ತೂರಿನಲ್ಲಿರುವ ಕೊಟ್ಟಾರದ ಮಿತ್ರ ಅಂತ ಉಂಟು. ಕೊಟ್ಟಾರದಿಂದ ಕೊಯಮತ್ತೂರಿಗೆ ಹೋದವರು ಮತ್ತೆ ಯಾರಿದ್ದಾರೆ?" ಅಂದರು. ಅವರು ಶಾಲೆಯ ಟೀಚರು, ಓದಿ ಹೇಳುವ ಅಭ್ಯಾಸ. ನಾನು ಮೊರ ಹಿಡಿದು ನಿಂತೇ ಕೇಳಿದೆ. ಮೇಲೆ 'ಹೊಳೆಗೆ ಬಿಟ್ಟ ಹಾಡು' ಎಂದು ದಪ್ಪ ಅಕ್ಷರದ ತಲೆಬರಹ. ಮಧ್ಯದಲ್ಲಿ ಅವರ ದನಿ ಸಣ್ಣದಾಯಿತು. ಕೊನೆಯ ನಾಲ್ಕು ಸಾಲು ಓದಲಿಲ್ಲ. ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು ಹೋದರು. ಆ ನಾಲ್ಕು ಸಾಲು ನಾನೇ ಓದಿಕೊಂಡೆ.

ಅಂದರೆ ಕರೆ ಬಂದಿತ್ತು. ನವೆಂಬರ್ 18, ಬೆಳಗ್ಗೆ ಹತ್ತು ಗಂಟೆ.

ಆ ವರ್ಷ ದಿನಾ ನೀವು ಆಫೀಸಿನಿಂದ ಬರುವಾಗ ನಾನು ಜಗಲಿಗೆ ಬರುತ್ತಿದ್ದೆ. ಬಾಯಿಬಿಟ್ಟು ಕೇಳಲು ನಾಚಿಕೆ. ನಿಮ್ಮ ಮುಖ ನೋಡುತ್ತಿದ್ದೆ. ನೀವೇ "ಇಲ್ಲ, ಇವತ್ತೂ ಇಲ್ಲ" ಅನ್ನುತ್ತಿದ್ದಿರಿ. ಜೇಬಿನಲ್ಲಿ ಇಟ್ಟುಕೊಂಡ ಆ ಎರಡು ದಿನವೂ ಹಾಗೆಯೇ ಅಂದಿರಾ? ನನಗೆ ಈಗ ತಿಳಿಯಬೇಕಾದ್ದು ಅದು.

ಅಪ್ಪನ ವಿಷಯ ನಿಮಗೆ ಗೊತ್ತಿಲ್ಲದೆ ಇಲ್ಲ. ಅರ್ಜಿಯಲ್ಲಿ ಗುರುವಿನ ಹೆಸರು ಕೇಳಿದ್ದರು. ಅಪ್ಪ ತನ್ನ ಹೆಸರನ್ನೇ ಬರೆದಿದ್ದರು. ಉತ್ತರ ಬಾರದೆ ಹೋದಾಗ ನನ್ನನ್ನು ಕರೆದು, "ನನ್ನ ಹೆಸರು ಬರೆದದ್ದೇ ತಪ್ಪಾಯ್ತು ಮಗಾ. ಹೆಸರಿಲ್ಲದವನ ಶಿಷ್ಯೆಯನ್ನು ಯಾರು ಕರೀತಾರೆ" ಅಂದರು. ನಿಮ್ಮ ಎದುರಿಗೇ ಅಂದರು. ನೀವು ಎಲೆಯಡಿಕೆ ಹಾಕುತ್ತಿದ್ದಿರಿ. ಆಮೇಲೆ ಅವರು ಬೇರೆ ಯಾರಿಗೂ ಪಾಠ ಹೇಳಲಿಲ್ಲ. ಸಾಯುವ ವರ್ಷವೂ ಅದೇ ಮಾತು. ನೀವು ಹೆಣ ಹೊತ್ತಿರಿ, ಆಗಲೂ ಹೇಳಲಿಲ್ಲ.

ಹೊಳೆಗೆ ಬಿಟ್ಟಿರಂತೆ. ಬೆಂಗ್ರೆಗೆ ದೋಣಿಯಲ್ಲಿ ಹೋಗುವಾಗ ಚೂರು ಚೂರು ಮಾಡಿ ನೀರಿಗೆ ಬಿಟ್ಟಿರಂತೆ, ಬಿಳಿ ಹೂವಿನ ಹಾಗೆ ತೇಲಿ ಹೋಯಿತಂತೆ. ಓದಿದವರು ಅಳಬೇಕಲ್ಲ, ಅದಕ್ಕೆ.

ಅತ್ತೆಗೆ ಸೌಖ್ಯ ಉಂಟು. ಈ ತಿಂಗಳು ನನಗೆ ಬರೆಯಬೇಡಿ.

ಸತ್ಯಭಾಮಾ


ಕೊಯಮತ್ತೂರು
12-12-1955

ಲಿಗೋರಿ,

ನಾನು ಗೆರೆ ಎಳೆದಿದ್ದೆ. ಕುರುಡನಿಗೂ ಕಾಣುವಂಥ ಗೆರೆ. ಮೇಲಿನದು ಪತ್ರಿಕೆಗೆ, ಕೆಳಗಿನದು ನಿನಗೆ ಎಂದು ಬರೆದಿದ್ದೆ. ನೀನು ಮೇಲಿನದನ್ನು ಬಿಟ್ಟು ಕೆಳಗಿನದನ್ನು ಅಚ್ಚು ಹಾಕಿಸಿದೆ. ಆರು ತಿಂಗಳಿಂದ ಅರ್ಧ ಪುಟಕ್ಕೆ ಸರಕು ಸಾಲದೆ ಹೋಯಿತೇ?

ಅವಳು ನನಗೆ ಬರೆದ ಕಾಗದವನ್ನು ನಿನಗೆ ತೋರಿಸುವುದಿಲ್ಲ. ತೋರಿಸಿದರೆ ಮುಂದಿನ ವಾರ ಅದಕ್ಕೂ ಒಂದು ತಲೆಬರಹ ಕೊಡುತ್ತೀ.

ಮತ್ತೆ ಆ ಹೊಳೆ ಎಲ್ಲಿಂದ ಬಂತು? ನಾನು ಕಸದ ಬುಟ್ಟಿ ಎಂದು ಬರೆದಿದ್ದೆ. ಅಷ್ಟಾದರೂ ನಿಜ ಇರಲಿ ಎಂದು ಬರೆದಿದ್ದೆ. ನೀನು ನನ್ನ ತಪ್ಪನ್ನು ಕದ್ದದ್ದಲ್ಲದೆ ಅದಕ್ಕೆ ಅಲಂಕಾರ ಬೇರೆ ಮಾಡಿದೆ. ನಿನ್ನ ಮನೆಯ ಮೆಟ್ಟಿಲು ನಾನು ಇನ್ನು ಹತ್ತುವುದಿಲ್ಲ. ಕುರ್ಚಿಯ ಮೇಲೆ ಎವ್ಲಿನ್ ಬಾಯಿ ಬಟ್ಟೆ ಹಾಕಲಿ.

ರಾಧಾಕೃಷ್ಣ


ಉರ್ವ
17-12-1955

ರಾಧಾಕೃಷ್ಣ,

ಗೆರೆಯ ವಿಷಯದಲ್ಲಿ ನನ್ನದು ತಪ್ಪು. ಒಪ್ಪಿದೆ. ಹೊಳೆಯ ವಿಷಯದಲ್ಲೂ ಒಪ್ಪಿದೆ. ಕಸದ ಬುಟ್ಟಿ ಕಣ್ಣಿಗೆ ಚೆನ್ನಾಗಿ ಕಾಣಲಿಲ್ಲ, ಬದಲಾಯಿಸಿದೆ. ಆ ಚಪಲಕ್ಕೆ ಎವ್ಲಿನ್ ಹತ್ತು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅನ್ನ ಬಡಿಸಿ, ಪಾತ್ರೆಯನ್ನು ಟಕ್ ಎಂದು ಮೇಜಿಗೆ ಇಟ್ಟು ಹೋಗುತ್ತಾಳೆ.

ಆದರೆ ನೀನು ಯಾವುದಕ್ಕೆ ಉರಿಯುತ್ತಿದ್ದೀ ಎಂದು ಒಮ್ಮೆ ನೋಡಿಕೋ. ಎರಡು ಪುಟ ಬೈದಿದ್ದೀ. ಅದರಲ್ಲಿ ಆ ಹೆಂಗಸು ಕಳಕೊಂಡದ್ದರ ಬಗ್ಗೆ ಒಂದು ಸಾಲು ಇಲ್ಲ. ನಾನು ಅಚ್ಚು ಹಾಕಿಸದಿದ್ದರೆ ನೀನು ಸಾಯುವವರೆಗೆ ಹೇಳುತ್ತಿದ್ದೆಯಾ? ನನಗೆ ಬರೆದು ಹಗುರ ಮಾಡಿಕೊಂಡು, ಪುನಃ ಮದರಾಸಿಗೆ ಮುಳ್ಳು ತಿರುಗಿಸಿ, ತೋಡಿ ಕೇಳುತ್ತ ಕಾಫಿಯ ವಾಸನೆ ಹೀರುತ್ತ ಕೂರುತ್ತಿದ್ದೆ. ನೀನು ಮಾಡಿದ್ದನ್ನು ನಾನು ಊರಿಗೆ ಹೇಳಿದೆ. ಮಾಡಿದವನು ನೀನು ಮಾರಾಯ.

ಲಿಗೋರಿ


ಕೊಟ್ಟಾರ
22-12-1955

ಲಿಗೋರಿ ಮಾಸ್ಟ್ರಿಗೆ ಸತ್ಯಭಾಮೆಯ ನಮಸ್ಕಾರ.

ನೀವು ಎವ್ಲಿನ್ ಬಾಯಿಯ ಕೈಯಲ್ಲಿ ಕಳಿಸಿದ ಕ್ಷಮಾಪಣೆಯ ಚೀಟಿ ಸಿಕ್ಕಿತು. ಅದರಲ್ಲಿ 'ಸತ್ಯ ಒಂದಲ್ಲ ಒಂದು ದಿನ ಹೊರಗೆ ಬರಲೇಬೇಕಿತ್ತು' ಎಂದು ಬರೆದಿದ್ದೀರಿ. ಹೌದು. ಅದು ಹೊರಗೆ ಬರಬೇಕಾದದ್ದು ಎಲ್ಲಿಗೆ? ಮೊದಲು ನನ್ನ ಹತ್ತಿರಕ್ಕೆ ಅಲ್ಲವೇ? ಉರ್ವದಿಂದ ಕೊಟ್ಟಾರಕ್ಕೆ ಎಷ್ಟು ದೂರ? ಅರ್ಧ ಗಂಟೆ ನಡೆದರೆ ಸಾಕು.

ದೀಪಾವಳಿಯ ಮರುದಿನ ನೀವಿಬ್ಬರೂ ನಮ್ಮ ಮನೆಗೆ ಬಂದಿದ್ದಿರಿ. ಕಾಗದ ನಿಮ್ಮ ಕೈಸೇರಿ ಆಗ ನಾಲ್ಕು ತಿಂಗಳಾಗಿತ್ತು. ನಾನು ಅವಲಕ್ಕಿ ಕೊಟ್ಟೆ. ನೀವು ತಿನ್ನುತ್ತಾ, "ಭಾಮಕ್ಕ, ನೀವು ಹಾಡುವುದಿಲ್ಲವಾ?" ಎಂದು ಕೇಳಿದಿರಿ. "ನನಗೆ ಎಲ್ಲಿ ಬರ್ತದೆ ಮಾಸ್ಟ್ರೇ" ಎಂದು ನಾನು ನಕ್ಕೆ. ಆ ನಗುವನ್ನೂ ನೀವು ಬರೆದಿದ್ದೀರಿ. 'ಆಕೆ ಈಗ ನಗುತ್ತಾಳೆ, ಅಷ್ಟೆ' ಎಂದು. ನೀವು ಅವಲಕ್ಕಿ ತಿನ್ನಲು ಬಂದದ್ದಲ್ಲ. ಲೇಖನದ ಕೊನೆಯ ಸಾಲು ಹುಡುಕಿಕೊಂಡು ಬಂದದ್ದು.

ಅವರು ಬರೆದ ಮೂಲ ಕಾಗದ ನನಗೆ ಬೇಕು. ಎವ್ಲಿನ್ ಬಾಯಿಯ ಕೈಯಲ್ಲಿ ಕೊಡಿ. ನಿಮ್ಮ ಅಕ್ಷರದ ನಕಲು ಬೇಡ.

ಇನ್ನೊಂದು ವಿಷಯ ಎವ್ಲಿನ್ ಬಾಯಿಯೇ ಹೇಳುತ್ತಾರೆ. ಹೇಳಿದಾಗ ಬೇಡ ಅನ್ನಬೇಡಿ.

ಸತ್ಯಭಾಮಾ


ಕೊಯಮತ್ತೂರು
9-1-1956

ಸತ್ಯಭಾಮಾ,

ಬರೆಯಬೇಡಿ ಎಂದು ನೀನು ಹೇಳಿದ್ದೆ. ಒಂದು ತಿಂಗಳು ಕಾದೆ.

ಆಗಿನ ಪರಿಸ್ಥಿತಿ ನಿನಗೂ ಗೊತ್ತು. ನನ್ನ ಅಪ್ಪ ತೀರಿಹೋಗಿ ವರ್ಷ ತುಂಬಿರಲಿಲ್ಲ. ತಲೆತಲಾಂತರದಿಂದ ದೇವರ ಪೂಜೆ ಮಾಡಿಕೊಂಡು ಬಂದ ಮನೆತನ. ಮನೆಯ ಸೊಸೆ ಮದರಾಸಿಗೆ ಹೋಗಿ ರೇಡಿಯೋದಲ್ಲಿ ಹಾಡುವುದೆಂದರೆ ಅಮ್ಮ ಒಪ್ಪುತ್ತಿದ್ದಳೇ? ಅವಳಿಗೂ ನಿನಗೂ ನಡುವೆ ಜಗಳ ಬರುತ್ತಿತ್ತು. ಅದನ್ನು ತಪ್ಪಿಸಲು ನಾನೊಬ್ಬನೇ ಹೊತ್ತುಕೊಂಡೆ. ನಿನ್ನ ಅಪ್ಪನ ವಿಷಯ ನೀನು ಬರೆದದ್ದೆಲ್ಲ ನಿಜ.

ಇಲ್ಲಿ ರೇಡಿಯೋ ಹಾಕುವುದನ್ನು ಬಿಟ್ಟಿದ್ದೇನೆ. ಸಿಟ್ಟು ಇಳಿದಾಗ ಎರಡು ಸಾಲು ಬರೆ.

ರಾಧಾಕೃಷ್ಣ


ಕೊಟ್ಟಾರ
20-1-1956

ಇವರಿಗೆ,

ನಿಮ್ಮ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಪೂರ್ತಿ ಓದಿದೆ. ಅವರು ಬತ್ತಿ ಹೊಸೆಯುತ್ತಿದ್ದರು. "ಪುನಃ ಓದು" ಅಂದರು. ಪುನಃ ಓದಿದೆ.

"ಯಾವ ಪತ್ರ? ಮದರಾಸಿನಿಂದ ಪತ್ರ ಬಂದದ್ದು ನನಗೆ ಯಾರು ಹೇಳಿದ್ದು? ನಾನು ಬೇಡ ಅಂದೆನಂತೆ, ಎಂತಕ್ಕೆ ಬೇಡ ಅಂದೆ, ಯಾವಾಗ ಅಂದೆ?" ಎಂದು ಕೇಳಿದರು.

"ನೀವು ಅನ್ನಲಿಲ್ಲ ಅತ್ತೆ. ಅನ್ನುತ್ತಿದ್ದಿರಿ ಎಂದು ಅವರು ಎಣಿಸಿದ್ದು."

ಅವರು ಕೈಯಲ್ಲಿದ್ದ ಬತ್ತಿಯನ್ನು ತಟ್ಟೆಗೆ ಹಾಕಿದರು. ಆಮೇಲೆ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. "ನೀನು ಶುಕ್ರವಾರ ದೇವರ ಮುಂದೆ ಹಾಡುವಾಗ ನಾನು ನೈವೇದ್ಯ ತಡ ಮಾಡುತ್ತಿದ್ದೆ, ಗೊತ್ತುಂಟಾ? ಹಾಡು ಬೇಗ ಮುಗಿಯುವುದು ಬೇಡ ಅಂತ. ನೀನು ಬಿಟ್ಟೆ. ನಿನಗೆ ಈ ಮನೆ ಸೇರಲಿಲ್ಲ ಅಂತ ನಾನು ತಿಳಿದೆ. ನನ್ನ ಹೆಸರು ಹೇಳಿ ಅವನು ಎಂತೆಲ್ಲ ಮಾಡಿದ್ದಾನೆ ನೋಡು."

ಎಂಟು ವರ್ಷ ಒಂದೇ ಅಡುಗೆಮನೆಯಲ್ಲಿ ನಾವಿಬ್ಬರು ಒಬ್ಬರ ಮೇಲೊಬ್ಬರು ಇದನ್ನು ಇಟ್ಟುಕೊಂಡು ಬದುಕಿದ್ದೇವೆ. ನನಗೆ ಅವರ ಮೇಲೆ ಎಷ್ಟು ಸಲ ಒಳಗೊಳಗೇ ಸಿಟ್ಟು ಬಂದಿದೆ. ಸಣ್ಣ ಸಣ್ಣ ವಿಷಯಕ್ಕೆ, ಒಂದು ಚಮಚ ಎಣ್ಣೆಗೆ. ಅದರ ಬೇರು ಎಲ್ಲಿತ್ತೆಂದು ಈಗ ತಿಳಿಯುತ್ತದೆ.

ಇನ್ನು ನಿಜವಾದ ಕಾರಣ ಬರೆಯಿರಿ. ಅಮ್ಮ, ಮನೆತನ, ಊರು ಯಾವುದೂ ಬೇಡ. ನೀವು ಯಾಕೆ ಹರಿದಿರಿ?

ನಾನು ಮನೆ ಬಿಟ್ಟು ಹೋಗುತ್ತೇನೆಂದು ಹೆದರಬೇಡಿ. ಇದು ನನ್ನ ಮನೆಯೂ ಹೌದು. ತಂಬೂರಿಯ ಬಟ್ಟೆ ಬಿಚ್ಚಿದ್ದೇನೆ. ಎರಡು ತಂತಿ ತುಕ್ಕು ಹಿಡಿದು ತುಂಡಾಗಿತ್ತು. ದಿನಾ ಮಧ್ಯಾಹ್ನ ಮೂರರಿಂದ ಐದರವರೆಗೆ ಉರ್ವಕ್ಕೆ ಹೋಗಿ ಎವ್ಲಿನ್ ಬಾಯಿಯ ಮನೆಯಲ್ಲಿ ಅಭ್ಯಾಸ ಮಾಡುತ್ತೇನೆ. ಆ ಹೊತ್ತಿಗೆ ಮಾಸ್ಟ್ರು ಶಾಲೆಯಲ್ಲಿರುತ್ತಾರೆ. ರಜೆಯ ದಿನವೂ ಐದೂವರೆಯ ಮೊದಲು ಮನೆಗೆ ಬರಬಾರದೆಂದು ಎವ್ಲಿನ್ ಬಾಯಿ ಅವರಿಗೆ ಹೇಳಿಯಾಗಿದೆ.

ಈ ಮನೆಯಲ್ಲಿ ನಾನು ಹಾಡುವುದಿಲ್ಲ.

ಸತ್ಯಭಾಮಾ


ಕೊಯಮತ್ತೂರು
26-2-1956

ಸತ್ಯಭಾಮಾ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದೆ. ಐದನೆಯದು ಇದು.

ನಾನು ಸಂಗೀತ ಕೇಳುವವನು. ನನಗೆ ಹಾಡಲು ಬರುವುದಿಲ್ಲ, ಬಾರಿಸಲು ಬರುವುದಿಲ್ಲ. ಹತ್ತು ಜನರ ನಡುವೆ ನನ್ನದೆಂದು ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ. ನೀನು ಸಂಜೆ ಒಳಗೆ ಹಾಡುತ್ತಿದ್ದೆ, ನಾನು ಜಗಲಿಯಲ್ಲಿ ಕೂತು ಕೇಳುತ್ತಿದ್ದೆ. ಇಂಥ ಕಂಠ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ, ಅದು ಗೊತ್ತಿರುವವನು ನಾನೊಬ್ಬನೇ ಎಂಬ ಸೊಕ್ಕು ಇತ್ತು. ರೇಡಿಯೋದಲ್ಲಿ ಬಂದರೆ ಎಲ್ಲರೂ ಕೇಳುತ್ತಾರೆ. ಆಮೇಲೆ ನಾನು ಯಾರು? ಸತ್ಯಭಾಮೆಯ ಗಂಡ, ಗುಮಾಸ್ತ.

ನೀನು ಹಾಡುವುದನ್ನೇ ಬಿಡುತ್ತೀ ಎಂದು ಎಣಿಸಿರಲಿಲ್ಲ. ನನಗೆ ಮಾತ್ರ ಹಾಡುತ್ತೀ ಎಂದುಕೊಂಡಿದ್ದೆ.

ನೀನು ಕೇಳಿದ್ದೆಯಲ್ಲ. ಹೌದು, ಆ ಎರಡು ದಿನವೂ "ಇಲ್ಲ" ಎಂದೇ ಹೇಳಿದೆ.

ರಾಧಾಕೃಷ್ಣ


ಕೊಟ್ಟಾರ
18-3-1957

ಇವರಿಗೆ,

ನೀವು ತಿಂಗಳಿಗೊಂದು ಕಾಗದ ಹಾಕುತ್ತಾ ಬಂದಿರಿ, ಅತ್ತೆಯ ಕ್ಷೇಮ ಎರಡು ಸಾಲಿನಲ್ಲಿ ತಿಳಿಸುತ್ತಾ ಬಂದೆ. ಇವತ್ತು ಸ್ವಲ್ಪ ಹೆಚ್ಚು ಬರೆಯುತ್ತೇನೆ, ನಿಮಗೆ ಗೊತ್ತಿರಬೇಕಾದ್ದರಿಂದ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬೆಂಗಳೂರು ರೇಡಿಯೋಕ್ಕೆ ಅರ್ಜಿ ಹಾಕಿದೆ. ಈ ಸಲ ಅರ್ಜಿಯನ್ನು ನಾನೇ ತುಂಬಿದೆ. ಗುರುವಿನ ಹೆಸರು ಎಂಬಲ್ಲಿ ಅಪ್ಪನ ಹೆಸರು ಬರೆದೆ. ಅಂಚೆ ವಿಳಾಸ ಎವ್ಲಿನ್ ಬಾಯಿಯದು. ಇಪ್ಪತ್ತೇ ದಿನದಲ್ಲಿ ಕರೆ ಬಂತು. ಗುರುವಿನ ಹೆಸರನ್ನು ಯಾರೂ ಪ್ರಶ್ನೆ ಮಾಡಲಿಲ್ಲ. ಅಪ್ಪ ಹೆದರಿದಂಥದ್ದು ಏನೂ ಇರಲಿಲ್ಲ.

ಕಳೆದ ಸೋಮವಾರ ಪರೀಕ್ಷೆ ಆಯಿತು. ಎವ್ಲಿನ್ ಬಾಯಿ ರಜೆ ಹಾಕಿ ಜೊತೆಗೆ ಬಂದರು. ಘಾಟಿಯ ಬಸ್ಸಿನಲ್ಲಿ ನನಗೆ ಎರಡು ಸಲ ವಾಂತಿಯಾಯಿತು. ಅವರು ತಲೆ ಹಿಡಿದುಕೊಂಡರು. ಅಲ್ಲಿ ಒಂದು ಕೋಣೆಯಲ್ಲಿ ಕೂರಿಸಿದರು. ಕೇಳುವವರು ಗಾಜಿನ ಆಚೆ. ಕಾಂಭೋಜಿ ಎತ್ತಿಕೊಂಡೆ. ಮೇಲಿನ ಷಡ್ಜಕ್ಕೆ ಹೋದಾಗ ಸ್ವರ ಒಡೆಯಿತು. ಪುನಃ ಹೋದೆ, ಪುನಃ ಒಡೆಯಿತು. ಅನುಪಲ್ಲವಿಯಲ್ಲಿ ಉಸಿರು ಸಾಲಲಿಲ್ಲ. ಗಾಜಿನ ಆಚೆಯಿಂದ "ಸಾಕು" ಅಂದರು.

ಹೊರಗೆ ಬಂದಾಗ ತಂಬೂರಿ ಹಿಡಿದಿದ್ದ ಹಿರಿಯ ಹೆಂಗಸು ಹಿಂದೆಯೇ ಬಂದರು. "ಎಷ್ಟು ವರ್ಷ ಬಿಟ್ಟಿದ್ದಿರಿ?" ಎಂದು ಕೇಳಿದರು. ಎಂಟು ಅಂದೆ. "ಏನು ಕಾಯಿಲೆಯಾಗಿತ್ತಾ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಎವ್ಲಿನ್ ಬಾಯಿ, "ಹೌದು, ಮನೆಯವರಿಗೆ" ಅಂದುಬಿಟ್ಟರು.

ಆರು ತಿಂಗಳ ನಂತರ ಇನ್ನೊಮ್ಮೆ ಬರಬಹುದಂತೆ. ಇಪ್ಪತ್ತೈದು ವರ್ಷದವಳ ಕಂಠ ಅವರ ಮುಂದೆ ಹೋಗಬೇಕಿತ್ತು. ಮೂವತ್ತೈದರದ್ದು ಹೋಯಿತು. ನೀವು ಹರಿದದ್ದು ಒಂದು ಕಾಗದ ಎಂದು ಈಗಲೂ ಎಣಿಸಿದ್ದರೆ, ಅದಕ್ಕಾಗಿ ಇದನ್ನು ಬರೆದೆ.

ನೀವು ಜೂನಿನಲ್ಲಿ ವರ್ಗವಾಗಿ ಊರಿಗೆ ಬರುವುದು ಅತ್ತೆಯಿಂದ ತಿಳಿಯಿತು. ಬನ್ನಿ.

ಸತ್ಯಭಾಮಾ


ಕೊಟ್ಟಾರ
4-8-1957

ಲಿಗೋರಿ,

ಒಂದೂವರೆ ವರ್ಷದ ನಂತರ ಬರೆಯುತ್ತಿದ್ದೇನೆ. ರಾಜಿಗೆ ಎಂದು ತಿಳಿಯಬೇಡ. ನಿನ್ನ ಮನೆಗೆ ಬರುವುದಿಲ್ಲ ಎಂದಿದ್ದೆ, ಬರುವುದಿಲ್ಲ. ಕೇಳಬೇಕಾದ್ದನ್ನು ಅಂಚೆಯಲ್ಲೇ ಕೇಳುತ್ತೇನೆ.

ನಾನು ಬಂದು ಎರಡು ತಿಂಗಳಾಯಿತು. ಅವಳು ಹೊತ್ತಿಗೆ ಸರಿಯಾಗಿ ಬಡಿಸುತ್ತಾಳೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ. ಸಂಜೆ ನಾನು ರೇಡಿಯೋ ಹಾಕಿದ ಕೂಡಲೇ ಎದ್ದು ಅಪೊಲೋನಿಯಾ ಬಾಯಿಯ ಮನೆಗೆ ಹೋಗುತ್ತಾಳೆ. ಅವಳ ಹಿಂದೆಯೇ ಅಮ್ಮನೂ ಹೋಗುತ್ತಾಳೆ. ನನ್ನ ಅಮ್ಮ, ಲಿಗೋರಿ. ನಾನು ಒಬ್ಬನೇ ಪೆಟ್ಟಿಗೆಯ ಮುಂದೆ ಕೂರುತ್ತೇನೆ. ಮೊನ್ನೆ ಧೈರ್ಯ ಮಾಡಿ, "ಒಮ್ಮೆ ಹಾಡು, ಒಂದೇ ಒಂದು" ಅಂದೆ. "ನೀವು ಮೊದಲು ಕೇಳಿದ್ದೀರಲ್ಲ, ಅಷ್ಟು ಸಾಕು" ಅಂದಳು. ದನಿ ಏರಿಸಲೂ ಇಲ್ಲ.

ಮೂರು ಗಂಟೆಗೆ ನಿನ್ನ ಮನೆಗೆ ಬರುತ್ತಾಳೆ. ಐದರವರೆಗೆ ನಿನ್ನ ಗೋಡೆಗಳು ಕೇಳುತ್ತವೆ, ನಿನ್ನ ಹೆಂಡತಿ ಕೇಳುತ್ತಾಳೆ, ನಿನ್ನ ಕೋಳಿಗಳು ಕೇಳುತ್ತವೆ. ಒಂದು ದಿನ ಆಫೀಸಿಗೆ ಅರ್ಧ ರಜೆ ಹಾಕಿ ನಿನ್ನ ಓಣಿಯ ತಿರುವಿನವರೆಗೆ ಬಂದೆ. ಎವ್ಲಿನ್ ಬಾಯಿ ಗೇಟಿನ ಹತ್ತಿರ ಕುರ್ಚಿ ಹಾಕಿ ಬಟಾಣಿ ಸುಲಿಯುತ್ತಿದ್ದರು. ನನ್ನನ್ನು ನೋಡಿದರು. ಎದ್ದು ನಿಂತರು, ಅಷ್ಟೇ. ನಾನು ಬಸ್ಸು ಹತ್ತಿದೆ.

ಅವಳು ಹೇಗೆ ಹಾಡುತ್ತಿದ್ದಾಳೆ? ನಿನಗೆ ಗೊತ್ತಿದ್ದರೆ ಬರೆ.

ರಾಧಾಕೃಷ್ಣ


ಉರ್ವ
9-8-1957

ರಾಧಾಕೃಷ್ಣ,

ನನಗೂ ಗೊತ್ತಿಲ್ಲ. ಶಾಲೆ ನಾಲ್ಕಕ್ಕೆ ಬಿಡುತ್ತದೆ. ನಾನು ಸ್ಟಾಫ್ ರೂಮಿನಲ್ಲಿ ಒಬ್ಬನೇ ಕೂತು ಗಡಿಯಾರ ನೋಡುತ್ತೇನೆ. ಮನೆಗೆ ಬರುವಾಗ ಚಾಪೆ ಮಡಚಿ ಇಟ್ಟಿರುತ್ತದೆ. ಎವ್ಲಿನ್‌ಳನ್ನು ಕೇಳಿದರೆ, "ಇವತ್ತು ಮೀನು ಸಿಗಲಿಲ್ಲ" ಅನ್ನುತ್ತಾಳೆ.

'ಕಡಲ ಸುದ್ದಿ'ಯ ಅರ್ಧ ಪುಟವನ್ನು ಬಿಟ್ಟುಕೊಟ್ಟೆ. ಜನರ ಮನೆಯೊಳಗೆ ಏನು ಕೇಳಿಸುತ್ತದೆ ಎಂದು ವಿಚಾರಿಸುವ ಮುಖ ನನಗೆ ಉಳಿದಿಲ್ಲ. ಅದಕ್ಕೂ ನಿನ್ನ ಮೇಲೆ ಸಿಟ್ಟು ಉಂಟು. ನಿನಗೆ ನನ್ನ ಮೇಲೆ ಇರುವಷ್ಟೇ ಉಂಟು.

ಲಿಗೋರಿ


ಬೆಂಗಳೂರು
12-2-1958

ಇವರಿಗೆ,

ಎವ್ಲಿನ್ ಬಾಯಿಯ ಚಿಕ್ಕಮ್ಮನ ಮನೆಗೆ ಶಿರ್ವಕ್ಕೆ ಹೋಗುತ್ತೇವೆಂದು ನಿಮಗೆ ಹೇಳಿ ಬಂದೆ. ಶಿರ್ವಕ್ಕೆ ಹೋಗಲಿಲ್ಲ. ಅಕ್ಟೋಬರದಲ್ಲಿ ಉಡುಪಿಗೆ ಎಂದು ಹೇಳಿ ಹೋದದ್ದೂ ಉಡುಪಿಗಲ್ಲ, ಇಲ್ಲಿಗೆ. ಆ ಸಲ ಸ್ವರ ಒಡೆಯಲಿಲ್ಲ. ಪಾಸಾಯಿತು.

ನಿನ್ನೆ ಮಂಗಳವಾರ ಸಂಜೆ ಏಳೂಕಾಲಿನಿಂದ ಏಳೂವರೆಯವರೆಗೆ ಬೆಂಗಳೂರು ರೇಡಿಯೋದಲ್ಲಿ ಹಾಡಿದೆ. ಪಿಟೀಲು, ಮೃದಂಗ ಎರಡೂ ಇಲ್ಲಿಯವರದೇ. ಮೊದಲು ಒಂದು ಸಣ್ಣ ಮೋಹನ. ಆಮೇಲೆ ಕಾಂಭೋಜಿ. ಗೋಡೆಯ ಮೇಲೆ ಕೆಂಪು ದೀಪ ಹತ್ತಿತು. ತಂಬೂರಿ ಹಿಡಿದದ್ದು ಹೋದ ವರ್ಷ ಕಾಯಿಲೆಯಾಗಿತ್ತಾ ಎಂದು ಕೇಳಿದ ಆ ಹಿರಿಯರೇ. ಅವರು ಮೊಣಕಾಲನ್ನು ನನ್ನ ಮೊಣಕಾಲಿಗೆ ತಾಗಿಸಿ ಕೂತರು. ಎರಡನೆಯ ಸಾಲಿಗೆ ಹೆದರಿಕೆ ಹೋಯಿತು. ಚೆನ್ನಾಗಿ ಹಾಡಿದೆ. ಮೊದಲಿನ ಕಂಠ ಇದಲ್ಲ, ಇದು ಬೇರೆಯೇ. ಆದರೆ ಚೆನ್ನಾಗಿ ಹಾಡಿದೆ ಎಂದು ನನಗೇ ಗೊತ್ತಾಯಿತು, ಇನ್ನೊಬ್ಬರು ಹೇಳಬೇಕಾಗಲಿಲ್ಲ.

ಆ ಹೊತ್ತಿಗೆ ನೀವು ರೇಡಿಯೋದ ಮುಂದೆ ಕೂತಿದ್ದಿರಿ. ಮಂಗಳವಾರ ಏಳಕ್ಕೆ ನೀವು ಮದರಾಸು ಹಾಕುತ್ತೀರಿ. ಬೆಂಗಳೂರು ಗೊರಗೊರ ಎನ್ನುತ್ತದೆಂದು ಮುಳ್ಳನ್ನು ಆ ಕಡೆ ತರುವುದೇ ಇಲ್ಲ. ಅತ್ತೆಗೆ ಹೇಳಿ ಬಂದಿದ್ದೆ. ಅವರು ಅಪೊಲೋನಿಯಾ ಬಾಯಿಯ ಮನೆಯಲ್ಲಿ ಕೇಳಿರುತ್ತಾರೆ. ಹೇಗಿತ್ತೆಂದು ಅವರನ್ನು ಪೀಡಿಸಬೇಡಿ. ಲಿಗೋರಿ ಮಾಸ್ಟ್ರಿಗೂ ಗೊತ್ತಿಲ್ಲ.

ಈ ಕಾಗದ ನಿಮಗೆ ತಲುಪುವಾಗ ಎರಡು ದಿನ ಕಳೆದಿರುತ್ತದೆ. ನಾಳೆ ಇಲ್ಲಿಂದ ಹೊರಡುತ್ತೇವೆ.

ಮರೆತು ಹೇಳದೆ ಇದ್ದದ್ದಲ್ಲ. ದಿನ ಗೊತ್ತುಮಾಡಿದ ಕಾಗದ ಜನವರಿ 16ಕ್ಕೆ ಬಂದಿತ್ತು. ಅಂದಿನಿಂದ ಹೊರಡುವವರೆಗೆ ಇಪ್ಪತ್ತನಾಲ್ಕು ದಿನ, ದಿನಕ್ಕೆ ಎರಡು ಹೊತ್ತು ನಿಮಗೆ ಊಟಕ್ಕೆ ಬಡಿಸಿದ್ದೇನೆ. ಇಂಥ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಮನುಷ್ಯ ಹೇಗೆ ಊಟಕ್ಕೆ ಕೂರುತ್ತಾನೆ, ಹೇಗೆ ಉಣ್ಣುತ್ತಾನೆ, ಎದುರಿನವರ ಮುಖವನ್ನು ಹೇಗೆ ನೋಡುತ್ತಾನೆ ಎಂದು ಎರಡು ವರ್ಷದಿಂದ ಯೋಚಿಸುತ್ತಿದ್ದೆ. ಬಹಳ ಕಷ್ಟವಾಗಿರಬೇಕು, ನಿಮ್ಮನ್ನು ಒಳಗೆ ಎಷ್ಟೋ ಸುಟ್ಟಿರಬೇಕು ಎಂದು ಒಂದೊಂದು ಸಲ ಅನ್ನಿಸುತ್ತಿತ್ತು. ಅದಕ್ಕಾಗಿ ಅರ್ಧ ಕ್ಷಮಿಸಿಯೂ ಇದ್ದೆ.

ನಾನೇ ಮಾಡಿ ನೋಡಿದೆ. ಏನೂ ಕಷ್ಟ ಇಲ್ಲ.

ಸತ್ಯಭಾಮಾ